ಖಾತ್ರಿ ಇಲ್ಲ, ಆದರೂ ನೋಡಿ

ನನ್ನ ಚಿಕ್ಕಮ್ಮನ ಎಡಗೈಯಲ್ಲಿ ಎರಡು ವಾಚುಗಳಿದ್ದವು. ಮಣಿಕಟ್ಟಿನಲ್ಲಿ ಒಂದು, ಅದರ ಮೇಲೆ ಸ್ವಲ್ಪ ಜಾಗ ಬಿಟ್ಟು ಇನ್ನೊಂದು. ಎರಡೂ ಕಪ್ಪು ಪಟ್ಟಿಯವು, ಎರಡೂ ಅಗ್ಗದವು. ಕೆಳಗಿನದು ಡೊಂಬಿವಲಿಯ ಸಮಯ ತೋರಿಸುತ್ತಿತ್ತು, ಮೇಲಿನದು ಅದಕ್ಕಿಂತ ಐದೂವರೆ ಗಂಟೆ ಹಿಂದೆ ಓಡುತ್ತಿತ್ತು. ಆಕಾಶ ನೋಡುವವರೆಲ್ಲ ಜಗಳವಿಲ್ಲದೆ ಒಪ್ಪಿಕೊಂಡದ್ದು ಆ ಒಂದು ಸಮಯವನ್ನು ಮಾತ್ರ ಎಂದು ಅವರು ನಗುತ್ತಿದ್ದರು. ಸ್ನಾನಕ್ಕೆ ಹೋಗುವಾಗ ಎರಡನ್ನೂ ಬಿಚ್ಚಿ ಫ್ರಿಜ್ಜಿನ ಮೇಲೆ ಇಡುತ್ತಿದ್ದರು. ಆಗ ಅವರ ಕೈಮೇಲೆ ಬಿಸಿಲು ತಾಗದ ಎರಡು ಬಿಳಿ ಪಟ್ಟೆಗಳು ಕಾಣುತ್ತಿದ್ದವು. ಕಲ್ಯಾಣದ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವ ನನ್ನ ಅಪ್ಪ, ರಜೆಯ ದಿನ ಊಟಕ್ಕೆ ಕೂತಾಗೆಲ್ಲ ತಪ್ಪದೆ ಕೆಣಕುತ್ತಿದ್ದರು: "ನಮ್ಗೆ ಊಟದ ಹೊತ್ತು. ನಿನ್ನ ಮೇಲಿನ ವಾಚಿಗೆ ಇನ್ನೂ ತಿಂಡಿಯೇ ಆಗ್ಲಿಲ್ಲ ಅಲ್ವಾ?"

ಆ ಎರಡು ವಾಚುಗಳೂ ಒಂದು ದಿನ ಬಲಗೈಗೆ ಹೋದವು. ಅದನ್ನು ನೆನೆದರೆ ನನಗೆ ಈಗಲೂ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಚಿಕ್ಕಮ್ಮ ಉಳಿಯಬಹುದಿತ್ತು. ಊರಿಗೆಲ್ಲ ಹೇಳಿಕೊಟ್ಟ ಪಾಠವನ್ನು ತಮಗೊಬ್ಬರಿಗೆ ಹೇಳಿಕೊಂಡಿದ್ದರೆ ಉಳಿಯುತ್ತಿದ್ದರೋ ಏನೋ. "ಏನೋ" ಎನ್ನುವುದನ್ನು ಸೇರಿಸದಿದ್ದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ, ಅದಕ್ಕೇ ಸೇರಿಸಿದ್ದೇನೆ.

ಅವರು ನನ್ನ ಅಮ್ಮನ ತಂಗಿ. ಮದುವೆಯಾಗಲಿಲ್ಲ. ಉಡುಪಿಯಲ್ಲಿ ಓದು ಮುಗಿಸಿ ಬಂದವರು ಡೊಂಬಿವಲಿ ಪೂರ್ವದ ನಮ್ಮ ಎರಡು ಕೋಣೆಯ ಮನೆಯಲ್ಲೇ ಉಳಿದುಬಿಟ್ಟರು. ಘಣಸೋಲಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಅದು ಹೊಟ್ಟೆಪಾಡು. ಉಳಿದ ಹೊತ್ತೆಲ್ಲ ಆಕಾಶಕ್ಕೆ. ದೂರದಲ್ಲೆಲ್ಲೋ ಎರಡು ಸತ್ತ ನಕ್ಷತ್ರಗಳು ಸುತ್ತಿ ಸುತ್ತಿ ಡಿಕ್ಕಿ ಹೊಡೆದರೆ ಆಕಾಶದ ಜಾಗವೇ ನಡುಗುತ್ತದಂತೆ. ಆ ನಡುಕ ಭೂಮಿಯನ್ನು ತಲುಪಿದಾಗ ಅದನ್ನು ಹಿಡಿಯುವ ಯಂತ್ರಗಳು ಬೇರೆ ಬೇರೆ ದೇಶಗಳಲ್ಲಿವೆ. ಅದೇ ಡಿಕ್ಕಿಯಿಂದ ಬೆಳಕು ಬರುತ್ತದೆ, ಕಣ್ಣಿಗೆ ಕಾಣದ ಕಿರಣ ಬರುತ್ತದೆ, ರೇಡಿಯೋ ಅಲೆ ಬರುತ್ತದೆ. ಒಂದೊಂದನ್ನು ಹಿಡಿಯಲು ಒಂದೊಂದು ಬಗೆಯ ಉಪಕರಣ. ಇವೆಲ್ಲ ಹೇಳುವುದು ಒಂದೇ ಘಟನೆಯ ಸುದ್ದಿಯನ್ನೋ, ಬೇರೆ ಬೇರೆಯದನ್ನೋ ಎಂದು ತಾಳೆ ನೋಡುವ ದೊಡ್ಡ ಗುಂಪಿನಲ್ಲಿ ಚಿಕ್ಕಮ್ಮ ಒಬ್ಬರು. ದುರ್ಬೀನನ್ನು ಅವರು ಮುಟ್ಟಿದ್ದನ್ನು ನಾನು ಕಂಡಿಲ್ಲ. ಡೈನಿಂಗ್ ಟೇಬಲ್ಲಿನ ಮೂಲೆಯಲ್ಲಿ ಲ್ಯಾಪ್‌ಟಾಪು, ಅದರ ಪಕ್ಕ ಅಮ್ಮ ಹೆಚ್ಚಿಟ್ಟ ತೊಂಡೆಕಾಯಿ, ಇಷ್ಟೇ ಅವರ ವೀಕ್ಷಣಾಲಯ.

ಅಮ್ಮ ಒಮ್ಮೆ, ನೀನು ಮಾಡುವುದಾದರೂ ಎಂತ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ನನಗೆ ಅಕ್ಷರಶಃ ನೆನಪಿದೆ.

"ಪಕ್ಕದ ಮನೆಯಲ್ಲಿ ಕುಕ್ಕರ್ ಸಿಡೀತು ಅಂತ ಇಟ್ಕೋ ಅಕ್ಕ. ನಿಂಗೆ ಕಾಣುದಿಲ್ಲ, ನಡುವೆ ಗೋಡೆ ಉಂಟು. ಗೋಡೆ ನಡುಗಿತು, ಅದು ಟ್ರೈನ್ ಹೋದದ್ದೂ ಆಗಬಹುದು. ಢಬ್ ಅಂತ ಕೇಳಿತು, ಅದು ಗಣಪತಿಯ ಪಟಾಕಿಯೂ ಆಗಬಹುದು. ಬೇಳೆ ಸೀದ ವಾಸನೆ ಬಂತು, ಅದು ನಿನ್ನದೇ ಒಲೆಯದ್ದೂ ಆಗಬಹುದು. ಮೂರೂ ಒಂದೇ ದಿಕ್ಕಿನಿಂದ, ಒಂದೇ ಹೊತ್ತಿಗೆ ಬಂದ್ರೆ ಮಾತ್ರ ಕುಕ್ಕರ್."

ಅಮ್ಮ ತೊಂಡೆಕಾಯಿಯಿಂದ ತಲೆ ಎತ್ತದೆ ಹೇಳಿದರು: "ನಾನಾದ್ರೆ ಮೊದ್ಲು ಹೋಗಿ ಬಾಗಿಲು ತಟ್ತೇನೆ."

"ಅದೇ ಕಷ್ಟ ಅಕ್ಕ. ನಮ್ಮ ಕುಕ್ಕರಿನ ಬಾಗಿಲು ತಟ್ಟುವ ಹಾಗೆ ಇಲ್ಲ."

ಹೀಗೆ ತಾಳೆ ನೋಡುವ ಚಟ ಅವರಿಗೆ ಆಕಾಶದಿಂದ ಅಂಗಳಕ್ಕೂ ಇಳಿದಿತ್ತು. ಪ್ಲಾಟ್‌ಫಾರ್ಮಿನಲ್ಲಿ ನಿಂತ ಅವರಿಗೆ ನಾವು ಫೋನು ಮಾಡಿ "ಟ್ರೈನ್ ಬಂತಾ?" ಎಂದರೆ, "ಇಂಡಿಕೇಟರ್ ಬಂತು ಅಂತದೆ, ಅನೌನ್ಸ್‌ಮೆಂಟೂ ಬಂತು ಅಂತದೆ, ನಾನಿನ್ನೂ ನೋಡ್ಲಿಲ್ಲ" ಎನ್ನುತ್ತಿದ್ದರು. ನಮಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೆ ಇದೇ ಚಟದಿಂದ ಒಬ್ಬನ ಹೊಟ್ಟೆಪಾಡು ಉಳಿದದ್ದೂ ಉಂಟು. ನಮ್ಮ ಸೊಸೈಟಿಯ ತಾರಸಿಯಿಂದ ತಾಮ್ರದ ವಯರು ಕಳುವಾಗಿತ್ತು. ವಾಚ್‌ಮನ್ನೇ ಕದ್ದದ್ದು ಎಂದು ಮೀಟಿಂಗಿನಲ್ಲಿ ಎಲ್ಲರೂ ಒಂದೇ ಸಮನೆ ಕೂಗುತ್ತಿದ್ದರು. ಅವನು ಲಿಫ್ಟಿನ ಪಕ್ಕ ಟೋಪಿ ಹಿಡಿದು ನಿಂತಿದ್ದ. ಚಿಕ್ಕಮ್ಮ ಎದ್ದು, ಪ್ರತಿಯೊಬ್ಬರ ಮುಂದೆ ನಿಂತು ಒಂದೇ ಪ್ರಶ್ನೆ ಕೇಳುತ್ತ ಹೋದರು, ಯಾರಿಗೆ ಯಾವ ಭಾಷೆಯೋ ಅದರಲ್ಲಿ. ನೀವೇ ಕಣ್ಣಾರೆ ನೋಡಿದ್ದಾ?

ನೆಲಮಹಡಿಯ ಬೆಳಗಾವಿ ಕಡೆಯ ಯಜಮಾನರು ಮೀಸೆ ಸವರಿಕೊಂಡು, "ನಾ ಎಲ್ಲಿ ನೋಡ್ಲಿ ಬಿಡ್ರಿ ಮೇಡಂ? ನಮ್ಮನ್ಯಾಕಿ ಹೇಳಿದ್ಲು" ಎಂದರು. ಅವರ ಮನೆಯಾಕೆಗೆ ಮೂರನೆಯ ಮಹಡಿಯವರು ಹೇಳಿದ್ದು. ಮೂರನೆಯ ಮಹಡಿಯವರಿಗೆ ಸೆಕ್ರೆಟರಿ ಹೇಳಿದ್ದು. ಉಳಿದವರಿಗೂ ಸೆಕ್ರೆಟರಿಯೇ. ಸೆಕ್ರೆಟರಿ ನೋಡಿದ್ದು ವಾಚ್‌ಮನ್ ಒಂದು ಚೀಲ ಹಿಡಿದು ಮೆಟ್ಟಿಲು ಇಳಿದದ್ದನ್ನು ಮಾತ್ರ. ಚೀಲದೊಳಗೆ ಏನಿತ್ತು ಎಂದು ಅವರಿಗೂ ಗೊತ್ತಿರಲಿಲ್ಲ. ವಾಚ್‌ಮನ್ನನ ಕೆಲಸ ಉಳಿಯಿತು.

"ಬಾಯಿ ಎಣಿಸ್ಬೇಡ, ಕಣ್ಣು ಎಣಿಸು" ಎಂದು ಮನೆಗೆ ಬಂದ ಮೇಲೆ ನನಗೆ ಹೇಳಿದರು. ಹಾಗಾದರೆ ಅವನು ಕದ್ದಿಲ್ಲವಲ್ಲ ಎಂದೆ. "ಕದ್ದಿಲ್ಲ ಅಂತ ನಾನೆಲ್ಲಿ ಹೇಳಿದೆ? ಗೊತ್ತಿಲ್ಲ ಅಂತ ಹೇಳಿದ್ದು." ಗೊತ್ತಿಲ್ಲ ಎಂಬ ಮಾತನ್ನು ಅಷ್ಟು ನೆಮ್ಮದಿಯಿಂದ ಆಡುವವರನ್ನು ನಾನು ಬೇರೆ ಕಂಡಿಲ್ಲ. ಆಗ ಅದು ನನಗೆ ದೊಡ್ಡ ಗುಣವಾಗಿ ಕಂಡಿತ್ತು.

ನಾನು ಠಾಣೆಯ ಕಾಲೇಜಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಬೆಳಗಿನ ಲೋಕಲಿನಲ್ಲಿ ನಾವಿಬ್ಬರೂ ಜೊತೆ. ಠಾಣೆಯಲ್ಲಿ ನಾನು ಇಳಿದರೆ ಅವರು ವಾಶಿ ಕಡೆಯ ಗಾಡಿ ಹಿಡಿಯುತ್ತಿದ್ದರು. ಲೇಡೀಸ್ ಡಬ್ಬಿಯಲ್ಲಿ ಅವರದೊಂದು ಗುಂಪಿತ್ತು. ಅದರಲ್ಲಿ ಒಬ್ಬ ಮರಾಠಿ ಗೆಳತಿ, ಕಲ್ಯಾಣದಿಂದ ಹತ್ತಿ ಬರುವವರು, ಠಾಣೆಯ ಔಷಧದಂಗಡಿಯೊಂದರಲ್ಲಿ ಕೆಲಸ. ಮಡಿಲಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಡಬ್ಬಿಯ ಸುದ್ದಿಯನ್ನೆಲ್ಲ ಸೋಸಿಬಿಡುವ ಹೆಂಗಸು. ಚಿಕ್ಕಮ್ಮ ಎಂದೂ ಸೀಟು ಕೇಳುತ್ತಿರಲಿಲ್ಲ. ಎಡಗೈಯಿಂದ ಮೇಲಿನ ಹಿಡಿಕೆ ಹಿಡಿದು ನಿಲ್ಲುತ್ತಿದ್ದರು. ಸೀರೆಯ ಸೆರಗಿನಿಂದ ಹೊರಬಂದ ಆ ಕೈ, ಅದರ ಎರಡು ವಾಚು, ಅದೇ ನನಗೆ ಗುಂಪಿನಲ್ಲಿ ಅವರ ಗುರುತು.

ಆಗ ಫಾಸ್ಟ್ ಗಾಡಿಗಳು ಮುಂಬ್ರಾದ ಗುಡ್ಡವನ್ನು ಸುರಂಗದಲ್ಲಿ ದಾಟುತ್ತಿದ್ದವು. ಒಂದು ದಿನ ಸುರಂಗ ಇನ್ನೇನು ಬಂತು ಎನ್ನುವಾಗ ಅವರ ಫೋನು ವಿಚಿತ್ರವಾಗಿ ಕೂಗಿತು. ಓದುವಷ್ಟರಲ್ಲಿ ಕತ್ತಲೆ, ನೆಟ್‌ವರ್ಕ್ ಹೋಯಿತು. ಡಬ್ಬಿಯ ದೀಪದಲ್ಲಿ ಅವರ ಮುಖ ನೋಡಿದ ಗೆಳತಿ ಗಾಬರಿಯಿಂದ ಕೇಳಿದರು:

"ಕಾಯ್ ಝಾಲಂ? ಕೋಣ್ ಗೇಲಂ?" ಯಾರು ಹೋದರು ಎಂದು.

"ದೋನ್ ತಾರೇ" ಎಂದರು ಚಿಕ್ಕಮ್ಮ. ಎರಡು ನಕ್ಷತ್ರ.

"ಅರೆರೆ! ಕಧೀ?" ಯಾವಾಗ?

ಬಹಳ ಬಹಳ ಹಿಂದೆಯೇ ಹೋದವು, ಸುದ್ದಿ ಈಗ ಮುಟ್ಟಿತು ಎಂದು ಚಿಕ್ಕಮ್ಮ ಮರಾಠಿಯಲ್ಲಿ ವಿವರಿಸಿದರು. ಆ ಹೆಂಗಸು ಸುರಂಗ ಮುಗಿಯುವವರೆಗೂ ಸೊಪ್ಪು ಸೋಸಲಿಲ್ಲ.

ಸಂಜೆಯ ಹೊತ್ತಿಗೆ ಇನ್ನೊಂದು ಸಂದೇಶ ಬಂದಿತ್ತು. ನಕ್ಷತ್ರವೂ ಇಲ್ಲ, ಡಿಕ್ಕಿಯೂ ಇಲ್ಲ, ಯಂತ್ರದ್ದೇ ಏನೋ ಗದ್ದಲವಂತೆ. ಬೆಳಗ್ಗೆ ಕೊಟ್ಟ ಎಚ್ಚರಿಕೆಯನ್ನು ವಾಪಸ್ ತೆಗೆದುಕೊಂಡಿದ್ದೇವೆ ಎಂದು ಒಂದೇ ಸಾಲು. ನಾನು ನಕ್ಕೆ. ಲೋಕಕ್ಕೆಲ್ಲ ಡಂಗುರ ಹೊಡೆದು ಆಮೇಲೆ ಇಲ್ಲ ಎನ್ನಲು ನಾಚಿಕೆ ಆಗುವುದಿಲ್ಲವೇ ಎಂದು ಕೇಳಿದೆ. ಅವರು ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಹೇಳಿದರು:

"ನಾಚಿಕೆ ಎಂತಕ್ಕೆ ಮಾರಾಯ್ತಿ? ಅಂಥಾ ಬೆಳಕು ಕಾಯ್ತಾ ಕೂರುದಿಲ್ಲ, ಆರಿ ಹೋಗ್ತದೆ. ನಾವು ಪೂರ್ತಿ ಖಾತ್ರಿ ಮಾಡ್ಕೊಂಡು ಹೇಳುವ ಹೊತ್ತಿಗೆ ನೋಡ್ಲಿಕ್ಕೆ ಎಂತ ಉಳಿದಿರ್ತದೆ? ಎಚ್ಚರಿಸ್ಲಿಕ್ಕೆ ಸಂಶಯ ಸಾಕು. ಖಾತ್ರಿ ಬೇಕಾದ್ದು ಆಮೇಲೆ, ಬರೆಯುವಾಗ. ಖಾತ್ರಿ ಇಲ್ಲ ಆದ್ರೂ ನೋಡಿ ಅಂತ ಹೇಳುದು, ತಪ್ಪಾದ್ರೆ ವಾಪಸ್ ತಕ್ಕೊಳ್ಳುದು. ಎಲ್ಲ ಸೇರಿ ನೋಡಿದ್ರೆ ಮಾತ್ರ ಕಾಣ್ತದೆ."

ಅದೇ ದಿನ ಅವರು ನನಗೆ, ಅದಕ್ಕೂ ಹಿಂದೆ ಒಂದು ಸಲ ಎಲ್ಲ ಸೇರಿ ನಿಜವಾಗಿ ಕಂಡ ಡಿಕ್ಕಿಯ ಕಥೆ ಹೇಳಿದರು. ನಡುಕ ಎರಡು ಯಂತ್ರಗಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಅದರ ಬೆನ್ನಿಗೇ ಕಾಣದ ಕಿರಣವೊಂದು ಮಿಂಚಿ ಹೋಗಿತ್ತು. ಮೂರನೆಯ ನಡುಕದ ಯಂತ್ರಕ್ಕೆ ಮಾತ್ರ ಏನೂ ಕೇಳಿಸಲಿಲ್ಲ ಎನ್ನಬೇಕು, ಅಷ್ಟು ಕ್ಷೀಣ. ಕೆಟ್ಟಿತ್ತಾ ಎಂದೆ. ಇಲ್ಲ, ಚೆನ್ನಾಗಿಯೇ ಇತ್ತು. ಆ ಯಂತ್ರಕ್ಕೂ ಕಿವಿ ಮಂದವಾದ ಕೆಲವು ದಿಕ್ಕುಗಳಿರುತ್ತವೆ. ಹಾಗಾದರೆ ಡಿಕ್ಕಿ ಆ ದಿಕ್ಕಿನಲ್ಲೇ ಆಗಿರಬೇಕು ಎಂದು ಹುಡುಕುವ ಜಾಗ ಸಣ್ಣದಾಯಿತು, ದುರ್ಬೀನುಗಳು ತಿರುಗಿದವು, ಹೊಸ ಬೆಳಕು ಸಿಕ್ಕಿತು. "ಕೇಳಿಸದ್ದೂ ಸಾಕ್ಷಿಯೇ" ಎನ್ನುವಾಗ ಅವರ ಕಣ್ಣಲ್ಲಿ ನೀರಿತ್ತು. ಇಷ್ಟು ಸಣ್ಣ ವಿಷಯಕ್ಕೆ ಅಳುತ್ತಾರಲ್ಲ ಎಂದು ನನಗೆ ನಗು ಬಂತು.

ಇನ್ನು ಬರೆಯಬೇಕಾದದ್ದು ಆ ಎರಡು ವಾಚುಗಳ ವಿಷಯ. ನಾನು ಭಿವಂಡಿಯ ಗೋದಾಮಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಮ್ಮ ದಾರಿ ಬೇರೆಯಾಗಿತ್ತು. ಅವರು ಬೆಳಗ್ಗೆ ಟ್ರೈನಿಗೆ, ನಾನು ಕಂಪನಿಯ ಬಸ್ಸಿಗೆ. ಒಂದು ಭಾನುವಾರ ವಾಚುಗಳು ಬಲಗೈಯಲ್ಲಿ ಕಂಡವು. ಇದೇನು ಹೊಸ ಫ್ಯಾಷನ್ ಎಂದೆ. "ಪಟ್ಟಿ ಬಿಗಿ ಆಗ್ತದೆ" ಎಂದರು. ಬಿಗಿಯಾದರೆ ಇನ್ನೊಂದು ತೂತಿಗೆ ಹಾಕಿಕೊಳ್ಳಬಹುದಲ್ಲ ಎಂದು ನನಗೆ ಹೊಳೆಯಿತು. ಅಷ್ಟರಲ್ಲಿ ಅಪ್ಪ ಕರೆದರು, ಮಾತು ಅಲ್ಲಿಗೇ ನಿಂತಿತು. ಅದಾಗಿ ಕೆಲವು ತಿಂಗಳಿಗೆ, ಮಟಮಟ ಮಧ್ಯಾಹ್ನ, ಆಫೀಸಿಗೆ ಫೋನು ಬಂತು. ಆ ಡಬ್ಬಿಯ ಗೆಳತಿ, ಮೆಂತ್ಯೆ ಸೊಪ್ಪಿನವರು.

"ತುಝ್ಯಾ ಮಾವಶೀಚಾ ಹಾತ್ ಸುಜಲಾಯ್. ಮಲಾ ಖಾತ್ರೀ ನಾಹೀ, ಪಣ್ ತೂ ಯೇ." ನಿನ್ನ ಚಿಕ್ಕಮ್ಮನ ಕೈ ಊದಿದೆ. ನನಗೆ ಖಾತ್ರಿ ಇಲ್ಲ, ಆದರೂ ನೀನು ಬಾ.

ಗಾಡಿ ಜರ್ಕ್ ಹೊಡೆದಾಗ ಆಧಾರಕ್ಕೆಂದು ಅವರು ಚಿಕ್ಕಮ್ಮನ ಎಡಗೈ ಹಿಡಿದಿದ್ದರಂತೆ. ಚಿಕ್ಕಮ್ಮ ಕೂಗಿಬಿಟ್ಟರಂತೆ. ಠಾಣೆಯಲ್ಲಿ ವಾಶಿ ಗಾಡಿಗೆ ಹತ್ತಲು ಬಿಡದೆ, ಕೈಹಿಡಿದಲ್ಲ, ಸೆರಗು ಹಿಡಿದು ತಮ್ಮ ಅಂಗಡಿಯ ಮೇಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದರು. ಡಾಕ್ಟರು ಕಂಕುಳು ಮುಟ್ಟಿ ನೋಡಿ, ಮನೆಯವರನ್ನು ಕರೆಸಿ ಎಂದಿದ್ದರು. ಸ್ತನದಲ್ಲಿ ಶುರುವಾದದ್ದು ಕಂಕುಳಿಗೆ ಬಂದು, ಅಲ್ಲಿಂದಲೂ ಮುಂದೆ ಹೋಗಿತ್ತು.

ಚಿಕ್ಕಮ್ಮನಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಬಹಳ ಹಿಂದೆಯೇ ಸ್ನಾನ ಮಾಡುವಾಗ ಗಂಟು ಕೈಗೆ ತಾಗಿತ್ತು. ಯಾರಿಗೂ ಹೇಳದೆ ಒಂದು ಕಡೆ ಸ್ಕ್ಯಾನ್ ಮಾಡಿಸಿದ್ದರು. ಖಚಿತವಾಗಿ ಹೇಳಲಾಗದು, ಸ್ವಲ್ಪ ಸಮಯ ಬಿಟ್ಟು ಮತ್ತೆ ಬಂದು ತೋರಿಸಿ ಎಂದಿದ್ದರಂತೆ. ಕೈ, ಗಂಟು ಇದೆ ಎನ್ನುತ್ತದೆ, ಯಂತ್ರ ಗೊತ್ತಿಲ್ಲ ಎನ್ನುತ್ತದೆ. ಎರಡು ಸಾಕ್ಷಿಗಳು ತಾಳೆಯಾಗಲಿಲ್ಲ. ಇಂಥ ಕಡೆ ಅವರು ಜೀವಮಾನವೆಲ್ಲ ಏನು ಮಾಡಿದ್ದರೋ ಅದನ್ನೇ ಮಾಡಿದರು. ಸಾಕ್ಷಿ ಸಾಲದು ಎಂದು ಕಾದರು. ಅಷ್ಟರಲ್ಲಿ ಆ ನಡುಕದ ಯಂತ್ರಗಳು ಬಹುಕಾಲದ ರಿಪೇರಿ ಮುಗಿಸಿ ಮತ್ತೆ ಶುರುವಾದವು, ಚಿಕ್ಕಮ್ಮ ಅದರಲ್ಲಿ ಮುಳುಗಿದರು. ಮತ್ತೆ ತೋರಿಸಲು ಹೋಗಲೇ ಇಲ್ಲ. ಓದು ಬರದ ಹೆಂಗಸಾಗಿದ್ದರೆ ಹೆದರಿ ಅಕ್ಕನ ಹತ್ತಿರ ಅತ್ತಾದರೂ ಬಿಡುತ್ತಿದ್ದರು.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನನ್ನ ಸಿಟ್ಟು ಕಟ್ಟೆ ಒಡೆಯಿತು. ಕಾಯಿಲೆಯವರ ಮುಂದೆ ಕೂಗಬಾರದು ಎಂಬುದು ಗೊತ್ತಿದ್ದೂ ಕೂಗಿದೆ.

"ನಿಮ್ಮ ಯಂತ್ರಕ್ಕೆ ಸಂಶಯ ಬಂದ್ರೆ ಲೋಕಕ್ಕೆಲ್ಲ ಮೆಸೇಜ್ ಹೋಗ್ತದೆ. ನಿಮ್ಗೆ ಸಂಶಯ ಬಂದ್ರೆ ಒಂದೇ ಮನೆಯಲ್ಲಿ ಮಲಗುವ ಅಕ್ಕನಿಗೆ ಹೇಳ್ಲಿಕ್ಕಾಗ್ಲಿಲ್ವಾ ಚಿಕ್ಕಮ್ಮ? ಎಚ್ಚರಿಸ್ಲಿಕ್ಕೆ ಸಂಶಯ ಸಾಕು ಅಂತ ಹೇಳಿದ್ದು ಯಾರು?"

ಅವರು ಬಲಗೈಯ ವಾಚುಗಳನ್ನು ನೋಡಿದರು. ನನಗೆ ಲೆಕ್ಕಾಚಾರದ ಉತ್ತರ ಕೊಡುತ್ತಾರೆ ಎಂದುಕೊಂಡಿದ್ದೆ, ಜಗಳಕ್ಕೆ ಸಿದ್ಧಳಾಗಿಯೂ ಇದ್ದೆ.

"ಹೆದರಿಕೆ ಆಯ್ತು ಮಗಾ" ಎಂದರು. "ಆಕಾಶದಲ್ಲಿ ಎಂತ ಆದ್ರೂ ನಂಗೆ ಹೆದರಿಕೆ ಇಲ್ಲ. ಇದಕ್ಕೆ ಹೆದರಿಕೆ ಆಯ್ತು. ಸಾಕ್ಷಿ ಸಾಲುದಿಲ್ಲ ಅಂತ ಅದಕ್ಕೆ ಒಂದು ಒಳ್ಳೆ ಹೆಸರು ಇಟ್ಟೆ, ಅಷ್ಟೆ."

ನಾನು ಜಗಳವಾಡಲಿಲ್ಲ. ಅವರ ಊದಿದ ಕೈಯ ಕೆಳಗೆ ದಿಂಬು ಸರಿಮಾಡಿದೆ. ಗೊತ್ತಿಲ್ಲ ಎನ್ನುವ ಅವರ ನೆಮ್ಮದಿಯನ್ನು ದೊಡ್ಡ ಗುಣವೆಂದುಕೊಂಡಿದ್ದೆನಲ್ಲ, ಅಂದಿನಿಂದ ಅದನ್ನು ಹಾಗೆ ನೋಡಲು ನನ್ನಿಂದ ಆಗಿಲ್ಲ. ಚಿಕ್ಕಮ್ಮ ಮಳೆಗಾಲ ಮುಗಿಯುವ ಮೊದಲೇ ಹೋದರು.

ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಕೆಲವರು ಉಳಿದಿದ್ದರು. ಅಮ್ಮ ಬಾಳೆಲೆ ಮಡಚುತ್ತ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ಕಿಟಕಿಯ ಮೇಲಿನ ಸರಿಗೆಗೆ ಬಟ್ಟೆ ಹಾಕುದು ಅವಳ ಕೆಲಸ. ಕಳೆದ ವರ್ಷದಿಂದ ಹಾಕ್ತಿರ್ಲಿಲ್ಲ. ಭುಜ ನೋವು ಅಂದಳು, ಹೌದು ಅಂತ ಮಾಡಿದೆ." ನಮ್ಮ ಕಟ್ಟಡದ ಕೆಳಗೇ ಹೊಲಿಗೆ ಮಾಡುವ ಹೆಂಗಸು ತಟ್ಟನೆ ಅಮ್ಮನ ಕೈ ಹಿಡಿದುಕೊಂಡರು. ಚಿಕ್ಕಮ್ಮ ಎರಡು ಸಲ ರವಿಕೆಯ ಎಡದ ತೋಳನ್ನು ಮಾತ್ರ ಬಿಚ್ಚಿ ಸಡಿಲ ಮಾಡಿಸಿಕೊಂಡಿದ್ದರು, ಬಲದ್ದು ಸರಿಯಿತ್ತು ಎಂದು ಮರಾಠಿಯಲ್ಲಿ ಹೇಳಿ ಅತ್ತರು. ಡಬ್ಬಿಯ ಗೆಳತಿ, ಚಿಕ್ಕಮ್ಮ ಮೇಲಿನ ಹಿಡಿಕೆ ಹಿಡಿಯುವುದನ್ನು ಬಿಟ್ಟಿದ್ದರು, ತಮ್ಮ ಹತ್ತಿರ ಸೀಟು ಕೇಳಿದ್ದರು ಎಂದರು. ಅಪ್ಪ, ಮೇಲಿನ ವಾಚಿನ ವಿಷಯ ತಾನು ಕೆಣಕಿದರೆ ಇತ್ತೀಚೆಗೆ ಅವಳು ತಿರುಗಿ ಕೆಣಕುತ್ತಿರಲಿಲ್ಲ ಎಂದರು. ನಾನು ವಾಚುಗಳು ಕೈ ಬದಲಿಸಿದ್ದನ್ನು ಹೇಳಿದೆ.

ಐದು ಜನ, ಐದು ಬಗೆಯ ಸಾಕ್ಷಿ, ಒಂದೂ ಇನ್ನೊಬ್ಬರ ಬಾಯಿಂದ ಬಂದದ್ದಲ್ಲ. ಎಲ್ಲವೂ ಒಂದೇ ಕೈಯನ್ನು ತೋರಿಸುತ್ತಿದ್ದವು. ಚಿಕ್ಕಮ್ಮ ಇದ್ದಿದ್ದರೆ ಇಂಥ ತಾಳೆ ಸಿಕ್ಕಿದ್ದಕ್ಕೆ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಆ ಕೋಣೆಯಲ್ಲಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಲಾಗದೆ ಕೂತಿದ್ದೆವು. ಯಾರ ಮನೆಯಲ್ಲಿ ಏನೇ ಸದ್ದಾದರೂ ಮೊದಲು ಹೋಗಿ ಬಾಗಿಲು ತಟ್ಟುವ ಅಮ್ಮ, ತಂಗಿಯ ಬಾಗಿಲು ತಟ್ಟಿರಲಿಲ್ಲ.

ಅಮ್ಮ ನೋವು ಮುಚ್ಚಿಡುವುದರಲ್ಲಿ ತಂಗಿಗಿಂತ ಒಂದು ಕೈ ಮೇಲು. ಹಾಗಾಗಿ ಕಳೆದ ತಿಂಗಳು ಭಿವಂಡಿಯ ಆಫೀಸಿನಲ್ಲಿ, ಲಾರಿಗಳ ಗದ್ದಲದ ನಡುವೆ, ಮನೆಯವರ ಗುಂಪಿಗೆ ಅವರಿಂದ ಬಂದ ಮೆಸೇಜನ್ನು ನಾನು ಎರಡು ಸಲ ಓದಬೇಕಾಯಿತು. "ಬಲಗಡೆ ಎದೆಯಲ್ಲಿ ಸಣ್ಣ ಗಂಟು ಇದ್ದ ಹಾಗೆ ಆಗ್ತದೆ. ಖಾತ್ರಿ ಇಲ್ಲ, ಆದರೂ ನೋಡಿ." ಅಪ್ಪ ಗಲ್ಲಾ ಬೇರೆಯವರಿಗೆ ಒಪ್ಪಿಸಿ ಕಲ್ಯಾಣದಿಂದ ಹೊರಟರು, ನಾನು ಕಂಪನಿಯ ಬಸ್ಸಿಗೆ ಕಾಯದೆ ರಿಕ್ಷಾ ಹತ್ತಿದೆ. ಈಗ ಆ ಗುಂಪಿನಲ್ಲೇ ಇರುವ ಔಷಧದಂಗಡಿಯ ಗೆಳತಿ ನಮಗಿಂತ ಮೊದಲೇ ಬಂದು ಅಮ್ಮನ ಪಕ್ಕ ಕೂತಿದ್ದರು. ಪರೀಕ್ಷೆಗಳೆಲ್ಲ ಆಗಿ, ಸೂಜಿ ಹಾಕಿ ತೆಗೆದದ್ದರ ರಿಪೋರ್ಟು ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬಂದ ದಿನ ಡಾಕ್ಟರು ನಕ್ಕು, ಇದು ಅಪಾಯದ್ದಲ್ಲ, ಬರೀ ನೀರಿನ ಗಂಟು ಎಂದರು.

ಹೊರಗೆ ಬೆಂಚಿನ ಮೇಲೆ ಕೂತು ಅಮ್ಮ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಹುಡುಕಿ, ಗುಂಪಿಗೆ ಟೈಪು ಮಾಡಿದರು: "ವಾಪಸ್ ತಕ್ಕೊಂಡೆ." ಕಳಿಸಿದ ಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತರು. ಮನೆಗೆ ಹೋಗೋಣ ಎಂದೆ. ಅವರು ಏಳಲಿಲ್ಲ.

"ಅವಳು ಅವತ್ತೇ ಕಳಿಸಿದ್ರೆ," ಎಂದರು, "ಅವಳಿಗೂ ಹೀಗೆ ವಾಪಸ್ ತಕ್ಕೊಳ್ಲಿಕ್ಕೆ ಆಗ್ತಿತ್ತಾ?"

ಗೊತ್ತಿಲ್ಲ ಅಮ್ಮ, ಎಂದೆ.